ಮೇಳ ಮೊದಲು, ಪಾತ್ರ ಆಮೇಲೆ

ಎಲ್ಲರಿಗೂ ನಮಸ್ಕಾರ.

ನಮ್ಮ ಈ ಬೇಸಿಗೆಯ ನಾಟಕಕ್ಕೆ ಅಂತ ಇಲ್ಲಿ ಕೂತಿರುವವರಲ್ಲಿ ಅರ್ಧ ಮಂದಿ ಒಂದೇ ಪ್ರಶ್ನೆ ಇಟ್ಟುಕೊಂಡು ಬಂದಿದ್ದೀರಿ ಅಂತ ನನಗೆ ಗೊತ್ತು. ಯಾರಿಗೆ ಯಾವ ಪಾತ್ರ? ಅದಕ್ಕೆ ಉತ್ತರ ಇವತ್ತು ಸಿಗುವುದಿಲ್ಲ. ಇನ್ನು ಮೂರು ವಾರ ಸಿಗುವುದಿಲ್ಲ. ಏಪ್ರಿಲ್ ಎರಡನೇ ವಾರ ಮಕ್ಕಳಿಗೆ ರಜೆ ಬರುತ್ತದೆ, ಮೇ ತಿಂಗಳ ಕೊನೆಗೆ ಮತ್ತೆ ಶಾಲೆ ಬಾಗಿಲು ತೆಗೆಯುತ್ತದೆ. ನಡುವೆ ಸಿಗುವುದು ಏಳು ವಾರ. ಅದರಲ್ಲಿ ಮೊದಲ ಮೂರು ವಾರ ಎಲ್ಲರೂ ಮೇಳವಾಗಿ, ಅಂದರೆ ಒಟ್ಟಿಗೆ ಹಾಡುವ ಗುಂಪಾಗಿ, ಎಲ್ಲ ಹಾಡೂ ಕಲಿಯುತ್ತೇವೆ, ಅಷ್ಟೆ. ಪಾತ್ರ ಹಂಚುವುದು ಆಮೇಲೆ. ಈ ತೀರ್ಮಾನದ ಬಗ್ಗೆ ಗೊಣಗಾಟ ಇದೆ ಅಂತ ಕೇಳಿದ್ದೇನೆ. ಅದಕ್ಕಾಗಿಯೇ ಇವತ್ತು ಮಾತಿಗೆ ನಿಂತಿದ್ದೇನೆ.

ನಾನು ಮಂಡ್ಯ ಕಡೆಯವನು. ನಮ್ಮ ಕಡೆ ನಾಟಕ ಅಂದರೆ ಏನು ಅಂತ ಇಲ್ಲಿರುವ ಅನೇಕರಿಗೆ ಗೊತ್ತಿದೆ. ಸುಗ್ಗಿ ಮುಗಿದು ಹಬ್ಬ, ಜಾತ್ರೆ ಶುರುವಾದರೆ ಊರೂರಲ್ಲೂ ಕುರುಕ್ಷೇತ್ರ. ಪಾತ್ರ ಬೇಕಾದವನು ದುಡ್ಡು ಕೊಟ್ಟು ಪಾತ್ರ ತೆಗೆದುಕೊಳ್ಳುತ್ತಾನೆ. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು. ಸಣ್ಣ ಪಾತ್ರಕ್ಕೆ ಕಡಿಮೆ. ಸೀನರಿ ಬಾಡಿಗೆಗೆ ಬರುತ್ತದೆ. ದ್ರೌಪದಿ, ರುಕ್ಮಿಣಿ ಪಾತ್ರದ ಕಲಾವಿದೆಯರು ಎಷ್ಟೋ ಸಲ ನಾಟಕದ ದಿನವೇ ಬಂದು ಇಳಿಯುತ್ತಾರೆ. ಬೆಳಗಿನ ಜಾವದವರೆಗೂ ಆಟ. ದನ ಕಟ್ಟಿ, ಗದ್ದೆಗೆ ನೀರು ತಿರುಗಿಸಿ ಬಂದ ರೈತ ಆ ರಾತ್ರಿ ಕಿರೀಟ ಇಟ್ಟು ಕಂದ ಪದ್ಯ ಹಾಡುತ್ತಾನೆ. ಇದನ್ನು ಕೀಳಾಗಿ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನನ್ನ ಕಿವಿ ತೆರೆದದ್ದು ಆ ಚಪ್ಪರದ ಕೆಳಗೆ.

ಆ ಚಪ್ಪರದಲ್ಲಿ ನಾನು ಎಲ್ಲರಿಗಿಂತ ಹೆಚ್ಚು ನೋಡುತ್ತಿದ್ದದ್ದು ಹಾರ್ಮೋನಿಯಂ ಮೇಷ್ಟ್ರನ್ನು. ವೇದಿಕೆಯ ಒಂದು ಪಕ್ಕದಲ್ಲಿ, ಕಾಲಲ್ಲಿ ತಿದಿ ಒತ್ತುವ ಹಾರ್ಮೋನಿಯಂ ಮುಂದೆ ಅವರು ಕೂತಿರುತ್ತಿದ್ದರು. ಕಾಲು ಗಾಳಿ ತುಂಬುವುದರಿಂದ ಎರಡೂ ಕೈ ಸ್ವರಕ್ಕೆ ಬಿಡುವು. ದುರ್ಯೋಧನ ಮಾತು ಮುಗಿಸುತ್ತಾ ಮೇಲಿಂದ ಇಳಿಬಿಟ್ಟ ಮೈಕಿನ ಕಡೆ ಎರಡು ಹೆಜ್ಜೆ ಹಾಕಿದ ಅಂದರೆ ಮೇಷ್ಟ್ರ ಬೆರಳು ಆಗಲೇ ಎತ್ತುಗಡೆಯ ಸ್ವರದ ಮೇಲೆ. ಅವನು ಶ್ರುತಿ ಬಿಟ್ಟರೆ ಇವರು ಆ ಸ್ವರವನ್ನೇ ಜೋರಾಗಿ ಒತ್ತಿ ವಾಪಸ್ ಕರೆದುಕೊಂಡು ಬರುತ್ತಿದ್ದರು. ಸಾಲು ಮರೆತರೆ ಅದೇ ಧಾಟಿಯನ್ನು ಇನ್ನೊಂದು ಸುತ್ತು ನುಡಿಸುತ್ತಿದ್ದರು, ನೆನಪಾಗಲಿ ಅಂತ. ಜನ ಒನ್ಸ್ ಮೋರ್ ಅಂದರೆ ಹಿಂದಕ್ಕೆ ಹೋಗುತ್ತಿದ್ದರು. ನಟನ ಉಸಿರು ಎಲ್ಲಿ ತುಂಡಾಗುತ್ತದೆ ಅನ್ನುವುದು ತಿಂಗಳುಗಟ್ಟಲೆ ಅವನಿಗೆ ಕಲಿಸಿದ ಆ ಮನುಷ್ಯನಿಗೆ ಗೊತ್ತಿರುತ್ತಿತ್ತು.

ಹೋದ ಬೇಸಿಗೆಯಲ್ಲಿ ನಾವು ಏನು ಮಾಡಿದೆವು? ಸ್ಟುಡಿಯೋದಲ್ಲಿ ಹಾಡುಗಳ ಟ್ರ್ಯಾಕ್ ಮಾಡಿಸಿದೆವು. ಕೀಬೋರ್ಡ್, ರಿದಂ ಪ್ಯಾಡ್, ಕೊಳಲು, ಎಲ್ಲ ಚೆನ್ನಾಗಿತ್ತು. ಆಟದ ದಿನ ಎರಡನೇ ಹಾಡಿಗೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ತಾಳದ ಒಂದು ಸುತ್ತು ತಡವಾಗಿ ಒಳಗೆ ಬಂದಳು. ಪಕ್ಕದ ಪರದೆಗೆ ಅವಳ ಸೆರಗು ಸಿಕ್ಕಿಹಾಕಿಕೊಂಡಿತ್ತು. ಟ್ರ್ಯಾಕ್ ಮುಂದಕ್ಕೆ ಹೋಗಿಬಿಟ್ಟಿತ್ತು. ಅವಳು ಬಾಯಿ ತೆರೆದಳು, ಎಲ್ಲಿ ಸೇರಿಕೊಳ್ಳಬೇಕು ಅಂತ ತಿಳಿಯದೆ ಮುಚ್ಚಿದಳು. ಹಾಡು ಪೂರ್ತಿ ಹಾಗೇ ನಿಂತಿದ್ದಳು. ಅವಳ ಸುತ್ತ ಇದ್ದ ಹನ್ನೆರಡು ಮಕ್ಕಳಲ್ಲಿ ಒಬ್ಬರಿಗೂ ಆ ಸಾಲು ಬರುತ್ತಿರಲಿಲ್ಲ, ಯಾಕೆಂದರೆ ಅದು ಅವಳ ಹಾಡು ಅಂತ ನಾವೇ ಹೇಳಿಕೊಟ್ಟಿದ್ದೆವು. ಈ ವರ್ಷ ಆ ಹುಡುಗಿ ಬಂದಿಲ್ಲ. ಆ ನಾಲ್ಕು ನಿಮಿಷವನ್ನು ನಾನು ಮರೆತಿಲ್ಲ. ತಪ್ಪು ಅವಳದಲ್ಲ, ಪರದೆಯದೂ ಅಲ್ಲ. ಕಾಯದ ಸಂಗೀತವನ್ನೂ ಗೊತ್ತಿಲ್ಲದ ಮೇಳವನ್ನೂ ಕೊಟ್ಟು ಅವಳನ್ನು ನಿಲ್ಲಿಸಿದವರು ನಾವು.

ಹಾಗಾಗಿ ಈ ಸಲ ಎರಡು ಬದಲಾವಣೆ. ಟ್ರ್ಯಾಕ್ ಇಲ್ಲ, ಹಾರ್ಮೋನಿಯಂ, ತಬಲ, ಒಂದು ತಮಟೆ, ಎದುರಿಗೇ ಕೂತು ನುಡಿಸುವವರು. ಎರಡನೆಯದು, ಪ್ರತಿಯೊಂದು ಹಾಡೂ ಮೂವತ್ತೆಂಟು ಜನಕ್ಕೂ ಬರಬೇಕು. ಒಬ್ಬರ ಗಂಟಲು ಕಟ್ಟಿದರೆ ಪಕ್ಕದವರು ಎತ್ತಿಕೊಳ್ಳಬೇಕು.

ಇದು ನಾನು ಕಂಡುಹಿಡಿದ ಉಪಾಯವೇನಲ್ಲ. ಮಳವಳ್ಳಿ ಕಡೆಯವರು ನೀಲಗಾರರು ಕಥೆ ಹಾಡುವುದನ್ನು ಕೇಳಿರುತ್ತೀರಿ. ಮಂಟೇಸ್ವಾಮಿ ಕಥೆಯನ್ನು ಮುಂದಾಳು ತಂಬೂರಿ ಹಿಡಿದು ಹೇಳುತ್ತಾ ಹೋಗುತ್ತಾನೆ, ಹಿಮ್ಮೇಳದವರು ಸಾಲಿನ ಕೊನೆಯನ್ನು ಹಿಡಿದು ಎಳೆಯುತ್ತಾರೆ. ಮುಂದಾಳು ಉಸಿರು ತೆಗೆದುಕೊಳ್ಳುವುದು ಆ ಎಳೆತದ ಒಳಗೆ. ರಾತ್ರಿಯಿಡೀ ಕಥೆ ಸಾಗುವುದು ಹಾಗೆ. ಒಬ್ಬನೇ ಹಾಡಿದ್ದರೆ ಒಂದು ತಾಸಿಗೆ ಗಂಟಲು ಹೋಗುತ್ತಿತ್ತು.

ಮೈಸೂರಿನ ರಂಗಭೂಮಿಗೆ ಹಾಡು ಹುಟ್ಟಿನಿಂದಲೇ ಬಂದದ್ದು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಯ ನಾಟಕ ಮಂಡಳಿಗೆ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದಾಗ ಹಾಡುಗಳನ್ನೂ ಸೇರಿಸಿದರು. ಮೈಸೂರು ಸಂಸ್ಥಾನದ ನಾಡಗೀತೆ ಬರೆದವರೂ ಅವರೇ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ಹಾಡನ್ನು ಊರೂರಿಗೆ ಹೊತ್ತುಕೊಂಡು ಹೋಯಿತು. ಆ ಕಂಪನಿಗೆ ಹುಡುಗನಾಗಿ ಸೇರಿಕೊಂಡ ಬಿ.ವಿ. ಕಾರಂತರು ಮುಂದೆ ಬನಾರಸಿನಲ್ಲಿ ಓದಿ, ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತು, ದೆಹಲಿಯಲ್ಲೆಲ್ಲ ಕೆಲಸ ಮಾಡಿ, 1989ರಲ್ಲಿ ಈ ನಮ್ಮ ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಮೊದಲ ನಿರ್ದೇಶಕರಾದರು. ಹುಣಸೂರು ರಸ್ತೆಯ ಕಲಾಮಂದಿರದ ಆವರಣ ನಿಮಗೆಲ್ಲ ಗೊತ್ತು. ನಮ್ಮ ಮಕ್ಕಳಲ್ಲಿ ಕೆಲವರು ರಜೆಯಲ್ಲಿ ಅಲ್ಲಿಯ ಮಕ್ಕಳ ಶಿಬಿರ, ಚಿಣ್ಣರ ಮೇಳಕ್ಕೆ ಹೋಗುತ್ತಾರೆ. ನಮ್ಮ ತಾಲೀಮು ಸಂಜೆ ಇಟ್ಟಿರುವುದು ಅದಕ್ಕೇ.

ಕಾರಂತರಿಂದ ನಾನು ತೆಗೆದುಕೊಂಡದ್ದು ಒಂದು. ರಂಗದ ಮೇಲಿನ ಹಾಡಿಗೆ ಕಛೇರಿಯ ಗಂಟಲು ಬೇಡ, ಮಾತಾಡುವ ಗಂಟಲು ಬೇಕು. ಜಿ.ಬಿ. ಜೋಶಿಯವರ 'ಸತ್ತವರ ನೆರಳು' ನಾಟಕಕ್ಕೆ ಅವರು ದಾಸರ ಪದಗಳನ್ನು ಹಾಕಿದಾಗ ಮೇಳವೇ ಒಂದು ಪಾತ್ರದ ಹಾಗೆ ನಿಂತಿತು. ಮಠದೊಳಗೆ ನಡೆಯುವುದನ್ನು ನೋಡುತ್ತಾ, ಕುಟುಕುತ್ತಾ, ಮರುಗುತ್ತಾ. ಕಥೆಯನ್ನು ಹೊರುವ ಕೆಲಸ ನಾಯಕನಷ್ಟೇ ಮೇಳದ್ದೂ ಆಗಬಹುದು ಅನ್ನುವುದಕ್ಕೆ ನನಗೆ ಅದು ಸಾಕ್ಷಿ.

ಈಗ ನಮ್ಮ ನಾಟಕಕ್ಕೆ ಬರೋಣ. ಕಥೆ ಕನ್ನಂಬಾಡಿಯದು, ಅಂದರೆ ಕಾವೇರಿಗೆ ಕಟ್ಟಿದ ಕೆಆರ್‌ಎಸ್ ಅಣೆಕಟ್ಟೆಯದು. 1911ರಲ್ಲಿ ಕಟ್ಟೆಯ ಕೆಲಸ ಶುರುವಾಯಿತು. ನೀರು ನಿಂತಾಗ ಹಳೆಯ ಕನ್ನಂಬಾಡಿ ಊರು ಒಳಗೆ ಹೋಯಿತು, ವೇಣುಗೋಪಾಲಸ್ವಾಮಿ ಗುಡಿಯೂ ಮುಳುಗಿತು. ಕಟ್ಟೆ ತುಂಬಿತೆ, 124.80 ಅಡಿ ಮುಟ್ಟಿತೆ ಅಂತ ಪ್ರತಿ ಮಳೆಗಾಲ ಪೇಪರು ನೋಡುವವರು ನಾವು. ಆ ಅಳತೆಯ ಕೆಳಗೆ ಜನರ ಒಲೆ, ಹಟ್ಟಿ, ಬಾವಿಕಟ್ಟೆ ಇದ್ದವು ಅನ್ನುವುದನ್ನು ಮಕ್ಕಳಿಗೆ ಹೇಳಿದರೆ ಕಣ್ಣರಳಿಸುತ್ತಾರೆ. ನಾಟಕದ ಮೊದಲ ಭಾಗ ಊರು ಬಿಡುವುದು. ಎರಡನೆಯದು ಕಟ್ಟೆ ಏಳುವುದು. ಮೂರನೆಯದು ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯದ ಒಣ ಹೊಲಕ್ಕೆ ಮೊದಲ ಸಲ ಬರುವುದು. ಊರು ಕಳೆದುಕೊಂಡವರ ಅಳು ಮತ್ತು ನೀರು ಕಂಡವರ ಕೇಕೆ ಎರಡೂ ಒಂದೇ ನಾಟಕದಲ್ಲಿ ಇರಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ.

ನೋಡಿ, ಈ ಕಥೆಗೆ ನಾಯಕ ಯಾರು? ಊರಿನವರು ಮೇಳ. ಕಲ್ಲು ಹೊರುವವರು ಮೇಳ. ಕೊನೆಗೆ ನೀರೂ ಮೇಳವೇ. ಹದಿನೆಂಟು ಮಕ್ಕಳು ನೀರಾಗಿ ಹರಿದು ಬರುತ್ತಾರೆ. ಅಜ್ಜಿ, ತಾಲೂಕಿನ ಅಧಿಕಾರಿ ಅಮಲ್ದಾರ, ಇಂಜಿನಿಯರ್, ಇವರೆಲ್ಲ ಮೇಳದಿಂದ ಎದ್ದು ಬಂದು ಮಾತಾಡಿ ಮತ್ತೆ ಮೇಳಕ್ಕೇ ಹೋಗಿ ಕೂರುವವರು. ಹಾಗಿರುವಾಗ ಪಾತ್ರವನ್ನು ಮೊದಲೇ ಹಂಚಿಬಿಟ್ಟರೆ ಏನಾಗುತ್ತದೆ ಅಂತ ನಮಗೆ ಅನುಭವ ಇದೆ. ಅಜ್ಜಿ ಪಾತ್ರದವರು ಅಜ್ಜಿಯ ಹಾಡು ಮಾತ್ರ ಅಭ್ಯಾಸ ಮಾಡುತ್ತಾರೆ. ಪಾತ್ರ ಸಿಗದವರು ಮೂರನೇ ದಿನದಿಂದ ಬರುವುದಿಲ್ಲ.

ಇನ್ನು ಶ್ರುತಿಯ ವಿಷಯ, ಅಂದರೆ ಹಾಡಿನ ಷಡ್ಜವನ್ನು ಯಾವ ಎತ್ತರದಲ್ಲಿ ಇಡುವುದು ಅನ್ನುವುದು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ನಮ್ಮಂಥ ಗುಂಪುಗಳ ಹಾಡು ಕೆಡುವುದು ಹೆಚ್ಚಾಗಿ ಇಲ್ಲೇ. ಶಾಸ್ತ್ರೀಯ ಸಂಗೀತದವರು ಶ್ರುತಿಯ ಎತ್ತರವನ್ನು ಒಂದು ಕಟ್ಟೆ, ಐದು ಕಟ್ಟೆ ಅಂತ ಲೆಕ್ಕ ಹಾಕುತ್ತಾರೆ. ನಾಟಕದವರು ಹಾರ್ಮೋನಿಯಂನ ಬಿಳಿ ಮನೆಗಳನ್ನು, ಅಂದರೆ ಒತ್ತುವ ಕೀಲಿಗಳನ್ನು, ಎಣಿಸಿ ಬಿಳಿ ಒಂದು, ಬಿಳಿ ಐದು ಅನ್ನುತ್ತೇವೆ. ಗಂಡಸರಿಗೆ ಸಾಮಾನ್ಯವಾಗಿ ಬಿಳಿ ಒಂದು ಸುಖ, ಹೆಂಗಸರಿಗೆ ಬಿಳಿ ಐದು. ಎಲ್ಲರನ್ನೂ ಬಿಳಿ ಒಂದಕ್ಕೆ ಎಳೆದರೆ ಹೆಂಗಸರ ದನಿ ನೆಲ ಸೇರುತ್ತದೆ. ಐದಕ್ಕೆ ಏರಿಸಿದರೆ ಗಂಡಸರು ಕಿರುಚುತ್ತಾರೆ, ಇಲ್ಲವೇ ಸುಮ್ಮನೆ ತುಟಿ ಆಡಿಸುತ್ತಾರೆ. ತುಟಿ ಆಡಿಸುವವರನ್ನು ನಾನು ಬೈಯುವುದಿಲ್ಲ. ಶ್ರುತಿ ಇಟ್ಟವನ ತಪ್ಪು ಅದು.

ಹಾಗಾಗಿ ನಮ್ಮ ಮೇಳದ ಹಾಡೆಲ್ಲ ಬಿಳಿ ನಾಲ್ಕಕ್ಕೆ. ಗಂಡಸರಿಗೆ ತುಸು ಎತ್ತರ, ಹೆಂಗಸರಿಗೆ ತುಸು ತಗ್ಗು, ಆದರೆ ಇಬ್ಬರೂ ಒಂದೇ ಸ್ಥಾಯಿಯಲ್ಲಿ ನಿಲ್ಲಬಹುದು. ಚಿಕ್ಕ ಮಕ್ಕಳು ಅದೇ ಧಾಟಿಯನ್ನು ಒಂದು ಸ್ಥಾಯಿ ಮೇಲೆ ಹಾಡುತ್ತಾರೆ. ಒಂದು ಷರತ್ತು: ಧಾಟಿ ಷಡ್ಜದಿಂದ ಪಂಚಮ, ಅಂದರೆ ಸ ಇಂದ ಪ, ಹೆಚ್ಚೆಂದರೆ ಧೈವತದ ಒಳಗೆ ಆಡಬೇಕು. ಸೋಬಾನೆ ಪದ, ಕೋಲಾಟದ ಪದ ಗಮನಿಸಿ. ಐದಾರು ಸ್ವರದೊಳಗೇ ಊರೆಲ್ಲ ಹಾಡುತ್ತದೆ. ಆ ಪದಗಳನ್ನು ಕಟ್ಟಿದವರು ಎಲ್ಲರ ಗಂಟಲನ್ನೂ ಲೆಕ್ಕಕ್ಕೆ ಇಟ್ಟುಕೊಂಡಿದ್ದರು. ನಾನು ಧಾಟಿ ಹಾಕುವಾಗ ತಾರಷಡ್ಜಕ್ಕೆ, ಮೇಲಿನ ಸ್ಥಾಯಿಯ ಸ ಗೆ, ಹಾರುವ ಆಸೆ ಬಂದಾಗಲೆಲ್ಲ ಆ ಪದಗಳನ್ನೇ ನೆನೆಸಿಕೊಂಡು ಕೆಳಗಿಳಿದೆ.

ಒಂಟಿ ಹಾಡು ಇದೆ, ಅಜ್ಜನದು. ಊರು ಬಿಡುವ ಹಿಂದಿನ ರಾತ್ರಿ ಬಾವಿಕಟ್ಟೆಯ ಮೇಲೆ ಕೂತು ಹಾಡುವುದು. ಅದು ಬಿಳಿ ಒಂದರಲ್ಲಿದೆ. ಅವನು ಮಧ್ಯಮದ, ಅಂದರೆ ಮ ಸ್ವರದ, ಮೇಲೆ ಸಾಲು ನಿಲ್ಲಿಸುತ್ತಾನೆ. ಆ ಮಧ್ಯಮವೇ ಬಿಳಿ ನಾಲ್ಕು. ಮೇಳ ಅದನ್ನೇ ತನ್ನ ಷಡ್ಜ ಮಾಡಿಕೊಂಡು ಎತ್ತಿಕೊಳ್ಳುತ್ತದೆ. ಅಜ್ಜನ ದುಃಖ ಅಲ್ಲಿಂದ ಊರಿನ ದುಃಖ. ಇದಕ್ಕೆ ಮಾತಿನಲ್ಲಿ ಒಂದು ಪುಟ ಬೇಕಾಗುತ್ತಿತ್ತು. ಆದರೆ ಮೇಳದವರ ಕಿವಿಯಲ್ಲಿ ಅಜ್ಜನ ಹಾಡು ಪೂರ್ತಿ ಇದ್ದರೆ ಮಾತ್ರ ಅವರು ಆ ಮಧ್ಯಮವನ್ನು ಸರಿಯಾಗಿ ಹಿಡಿಯುತ್ತಾರೆ. ಬರೀ ತಮ್ಮ ಸಾಲು ಕಲಿತವರು ಆ ಹೊತ್ತಿಗೆ ಹಾರ್ಮೋನಿಯಂ ಕಡೆ ತಿರುಗಿ ನೋಡುತ್ತಾರೆ. ಅಷ್ಟರಲ್ಲಿ ಎಲ್ಲ ಹೋಯಿತು.

ಹೆಜ್ಜೆಯ ಬಗ್ಗೆ ಒಂದೇ ಮಾತು. ಕಲ್ಲು ಹೊರುವ ಹಾಡು ಖಂಡ ಗತಿಯಲ್ಲಿದೆ, ಐದು ಎಣಿಕೆ. ಐದು ಹೆಜ್ಜೆ ನಡೆದರೆ ಮೊದಲ ಸುತ್ತು ಎಡಗಾಲಿಂದ, ಎರಡನೆಯದು ಬಲಗಾಲಿಂದ ಶುರುವಾಗುತ್ತದೆ. ಮೊದಲ ವಾರ ಎಲ್ಲರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತೀರಿ, ಹೆದರಬೇಡಿ. ಎಣಿಸುವುದನ್ನು ಬಿಟ್ಟು ಹಾಡತೊಡಗಿದ ದಿನ ಕಾಲು ತಾನೇ ಸರಿಹೋಗುತ್ತದೆ.

ಮಳೆ ಬಗ್ಗೆ ಹಲವರು ಕೇಳಿದಿರಿ. ನಮ್ಮದು ಬಯಲು ವೇದಿಕೆ, ಆಟ ಮೇ ತಿಂಗಳ ಮೂರನೇ ವಾರ. ಮೈಸೂರಿನ ಮೇ ಸಂಜೆ ಗುಡುಗಿದರೆ ಕರೆಂಟು ಹೋಗುವುದು ಹೊಸದಲ್ಲ. ಹಾಗೇನಾದರೂ ಆದರೆ ಮೈಕಿಗೆ ಕಾಯುವುದಿಲ್ಲ. ಮೂವತ್ತೆಂಟು ಜನ ಬಾಯಿ ಬಿಟ್ಟು ಹಾಡಿದರೆ ಕೊನೆಯ ಸಾಲಿನವರೆಗೂ ಕೇಳುತ್ತದೆ. ಆದ್ದರಿಂದ ತಾಲೀಮಿನಲ್ಲಿ ಮೈಕ್ ಮುಟ್ಟುವುದು ಕೊನೆಯ ನಾಲ್ಕು ದಿನ ಮಾತ್ರ. ಜೋರು ಮಳೆ ಬಂದರೆ ಮಾರನೆಯ ದಿನಕ್ಕೆ ಆಟ.

ತಂದೆತಾಯಿಯರಲ್ಲಿ ಒಂದು ಕೋರಿಕೆ. ಹಾಡುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮಕ್ಕಳಿಗೆ ಮನೆಯಲ್ಲಿ ಹಾಕಿ ಕಲಿಸಬೇಡಿ. ಇಲ್ಲಿ, ಪಕ್ಕದವರ ದನಿ ಕೇಳಿಕೊಂಡು ಕಲಿಯಲಿ. ಗಂಟಲು ಒಡೆಯುವ ವಯಸ್ಸಿನ ಹುಡುಗರಿದ್ದಾರೆ, ಹದಿಮೂರು ಹದಿನಾಲ್ಕರವರು. ಅವರ ದನಿ ಜಾರಿದಾಗ ಯಾರೂ ನಗಬಾರದು. ಅವರು ಎಲ್ಲಿ ಸಲೀಸೋ ಅಲ್ಲಿ ಹಾಡಲಿ, ಮೇಲೆಯೋ ಕೆಳಗೆಯೋ.

ಇನ್ನೊಂದು. ಕನ್ನಂಬಾಡಿ ಕಟ್ಟೆಗೆ ಸಿಮೆಂಟ್ ಬಳಸಲಿಲ್ಲ, ಇಟ್ಟಿಗೆ ಪುಡಿ ಸುಣ್ಣ ಸೇರಿದ ಸುರ್ಕಿ ಗಾರೆಯಲ್ಲಿ ಕಟ್ಟಿದರು. ಎರಡನೇ ಭಾಗಕ್ಕೆ ನಾನು ಗಾರೆ ಕುಟ್ಟುವ ಒಂದು ಹಾಡು ಕಟ್ಟಿದ್ದೇನೆ. ಅದಕ್ಕೆ ತಬಲ ಇಲ್ಲ. ಒನಕೆ ನೆಲಕ್ಕೆ ಬೀಳುವ ಸದ್ದೇ ತಾಳ. ಆರು ಒನಕೆ ಬೇಕು, ಎರಡು ಸಿಕ್ಕಿವೆ. ನಿಮ್ಮ ಮನೆಯ ಅಟ್ಟದಲ್ಲೋ ಊರಿನ ಹಟ್ಟಿಯಲ್ಲೋ ಹಳೆಯದು ಬಿದ್ದಿದ್ದರೆ ಸೋಮವಾರ ಸಂಜೆ ಐದೂವರೆಗೆ ಬರುವಾಗ ಹೊತ್ತುಕೊಂಡು ಬನ್ನಿ. ಕಬ್ಬಿಣದ ಬಳೆ ಕಳಚಿ ಹೋಗಿದ್ದರೂ ಪರವಾಗಿಲ್ಲ, ಬರೀ ಮರದ ಸದ್ದು ನನಗೆ ಹೆಚ್ಚು ಇಷ್ಟ.