ಸ್ಪ್ರಿಂಗ್‌ನೊಳಗಿನ ಶಕ್ತಿ: ಪ್ಲಸ್ಸೋ, ಮೈನಸ್ಸೋ?

ಕೇಳುಗರಿಗೆ ನಮಸ್ಕಾರ.

ಪಕ್ಕದಲ್ಲಿ ಟಕ್ ಅಂತ ಒತ್ತುವ ಪೆನ್ನಿದ್ದರೆ ತಗೊಳ್ಳಿ. ಬಿಚ್ಚಿ, ಒಳಗಿನ ಪುಟ್ಟ ಸ್ಪ್ರಿಂಗನ್ನು ಎರಡು ಬೆರಳ ನಡುವೆ ಇಟ್ಟು ಒತ್ತಿ. ಅದು ಬೆರಳನ್ನು ಹೊರಕ್ಕೆ ದಬ್ಬುತ್ತದೆ. ಈಗ ತುದಿಗಳನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಈ ಸಲ ಒಳಕ್ಕೆ ಜಗ್ಗುತ್ತದೆ. ನೀವು ಒಂದು ಕಡೆ ಹೋದರೆ ಅದು ಇನ್ನೊಂದು ಕಡೆ, ಅಲ್ವಾ?

ಎಳೆದಷ್ಟೂ ಬಲ ಜಾಸ್ತಿ ಎಂಬ ಈ ಲೆಕ್ಕವನ್ನು ಕಂಡುಕೊಂಡವರು ಇಂಗ್ಲೆಂಡಿನ ರಾಬರ್ಟ್ ಹುಕ್. 1676ರಲ್ಲಿ ಅದನ್ನು ಲ್ಯಾಟಿನ್ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿದರು, 1678ರಲ್ಲಿ ತಾವೇ ಬಿಡಿಸಿದರು. ಇವತ್ತು ನಾವು ಅದನ್ನು ಹೀಗೆ ಬರೆಯುತ್ತೇವೆ: ಬಲ ಅಂದರೆ ಮೈನಸ್ ಕೆ ಎಕ್ಸ್. ಕೆ ಅಂದರೆ ಸ್ಪ್ರಿಂಗ್‌ನ ಬಿಗಿ, ಎಕ್ಸ್ ಅಂದರೆ ಎಳೆದ ಅಥವಾ ಒತ್ತಿದ ದೂರ.

ಎಡವುವುದು ಆ ಮೈನಸ್ ಹತ್ತಿರವೇ. ಬಲಕ್ಕೆ ಮೈನಸ್ ಇದ್ದರೆ ಒಳಗೆ ಕೂತ ಪ್ರಚ್ಛನ್ನ ಶಕ್ತಿಗೂ ಮೈನಸ್ ಇರಬೇಕು ಅಂತ ಪಿಯುಸಿಯಲ್ಲಿ ನಾನೂ ಬರೆದಿದ್ದೆ. ಆದರೆ ಆ ಮೈನಸ್ ಹೇಳುವುದು ದಿಕ್ಕನ್ನು ಮಾತ್ರ.

ಲೆಕ್ಕ ಹಾಕಿ ನೋಡೋಣ. ಮೀಟರಿಗೆ 200 ನ್ಯೂಟನ್ ಬಿಗಿಯಿರುವ ಸ್ಪ್ರಿಂಗ್. ಅದನ್ನು 10 ಸೆಂಟಿಮೀಟರ್ ಎಳೆಯುತ್ತೀರಿ. ಶುರುವಿನಲ್ಲಿ ಬೇಕಾದ ಬಲ ಸೊನ್ನೆ, ಕೊನೆಗೆ 20 ನ್ಯೂಟನ್. ಸರಾಸರಿ 10. ಅದನ್ನು 0.1 ಮೀಟರ್‌ನಿಂದ ಗುಣಿಸಿದರೆ ಕೆಲಸ 1 ಜೂಲ್. ಕೂಡಿಟ್ಟ ಶಕ್ತಿಯ ಸೂತ್ರ ಅರ್ಧ ಕೆ ಎಕ್ಸ್ ವರ್ಗ; ಸರಾಸರಿ ಹಿಡಿದಿದ್ದರಿಂದಲೇ ಅದರಲ್ಲಿ ಆ ಅರ್ಧ ಬಂದಿರುವುದು. ಕೈ ಎಳೆದ ಕಡೆಗೇ ತುದಿಯೂ ಸರಿಯಿತು. ಹಾಗಾಗಿ ಕೈ ಮಾಡಿದ ಕೆಲಸ ಪ್ಲಸ್ 1. ಸ್ಪ್ರಿಂಗ್ ಪೂರ್ತಿ ಹೊತ್ತು ಎದುರು ಜಗ್ಗುತ್ತಿತ್ತು, ಅದರ ಕೆಲಸ ಮೈನಸ್ 1. ಕೂಡಿಟ್ಟ ಶಕ್ತಿ ಅಂದರೆ ಸ್ಪ್ರಿಂಗ್ ಮಾಡಿದ ಕೆಲಸಕ್ಕೆ ಇನ್ನೊಂದು ಮೈನಸ್. ಎರಡು ಮೈನಸ್ ಸೇರಿ ಪ್ಲಸ್ 1 ಜೂಲ್.

ಎಳೆಯುವ ಬದಲು ಅಷ್ಟೇ ಒತ್ತಿದರೆ? ಆಗಲೂ ಕೈ ತಳ್ಳಿದ ಕಡೆಗೇ ತುದಿ ಹೋಗುತ್ತದೆ. ಮತ್ತೆ ಪ್ಲಸ್ 1. ಅರ್ಧ ಕೆ ಎಕ್ಸ್ ವರ್ಗ ಅಂತಾರಲ್ಲ, ಆ ವರ್ಗ ಇರುವುದೇ ಇದಕ್ಕೆ. ಬಾಣಲೆಯೊಳಗೆ ಗೋಲಿ ಇಟ್ಟ ಹಾಗೆ. ಎಡಕ್ಕೆ ತಳ್ಳಿದರೂ ಏರು, ಬಲಕ್ಕೆ ತಳ್ಳಿದರೂ ಏರು. ಸ್ಪ್ರಿಂಗ್ ಸುಮ್ನೆ ಮಲಗಿರುವ ಉದ್ದವೇ ಬಾಣಲೆಯ ತಳ.

ಆ ತಳವನ್ನು ಸೊನ್ನೆ ಅಂದವರು ನಾವು. ಬಾವಿಕಟ್ಟೆ ಸೊನ್ನೆ ಅಂದರೆ ಬಾವಿಯೊಳಗಿನ ಕೊಡದ ಶಕ್ತಿ ಮೈನಸ್ ಆಗುತ್ತದೆ. ಹಾಗೇ, 10 ಸೆಂಟಿಮೀಟರ್ ಎಳೆದ ಜಾಗವನ್ನು ಸೊನ್ನೆ ಅಂದುಕೊಂಡರೆ, ಮಲಗಿದ ಸ್ಪ್ರಿಂಗ್‌ನದು ಮೈನಸ್ 1 ಜೂಲ್. ಅದೂ ತಪ್ಪಲ್ಲ. ಕೈ ಬಿಟ್ಟಾಗ ಹೊರಬರುವುದು ಮಾತ್ರ ಅದೇ 1 ಜೂಲ್.

ನಮಸ್ಕಾರ.