ದುಡಿಯುವ ಹೊತ್ತನ್ನು ಗೊತ್ತುಮಾಡಿದವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಜರ್ಮನಿಯವರು ಶಿಸ್ತಿನ ಜನ, ಐದು ಗಂಟೆ ಆಯ್ತು ಅಂದ್ರೆ ಎದ್ದು ಹೊರಟೇಬಿಡ್ತಾರೆ. ಜಪಾನಿನವರು ಹುಟ್ಟಾ ದುಡಿಮೆಗಾರರು, ಆಫೀಸು ಬಿಟ್ಟು ಕದಲೋದಿಲ್ಲ. ನಮ್ಮವರು ಹೇಳಿದ್ದಕ್ಕೆಲ್ಲ ಹೂಂ ಅಂತಾರೆ. ಇಂಥ ಮಾತುಗಳನ್ನು ಮದುವೆಮನೆಯ ಊಟದ ಸಾಲಿನಲ್ಲೂ ಕೇಳಿರ್ತೀರಿ, ರೈಲಿನಲ್ಲೂ ಕೇಳಿರ್ತೀರಿ. "ಅದು ಅವರ ರಕ್ತದಲ್ಲೇ ಇದೆ" ಅಂತ ಕೊನೆಗೊಂದು ಷರಾ ಬೇರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಯಾವ ದೇಶದವರು ಎಷ್ಟು ಹೊತ್ತು ದುಡೀತಾರೆ, ಎಷ್ಟು ಹೊತ್ತು ಮನೆಯಲ್ಲಿರ್ತಾರೆ ಅನ್ನೋದನ್ನು ಯಾರೋ ಕೂತು ಬರೆದಿದ್ದಾರೆ. ಇನ್ಯಾರೋ ಬೀದಿಗಿಳಿದು ಅದನ್ನು ಬದಲಾಯಿಸಿದ್ದಾರೆ. ಆ ಕಥೆಯನ್ನೇ ಇವತ್ತು ಹೇಳೋಣ ಅಂತ ಬಂದಿದ್ದೇನೆ.

1919ನೇ ಇಸವಿ. ಮೊದಲನೇ ಮಹಾಯುದ್ಧ ಆಗತಾನೇ ಮುಗಿದಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿ, ಅದರ ಮೊದಲ ಸಭೆ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಸೇರಿತು. ಆ ಸಭೆ ಮಾಡಿದ ಮೊಟ್ಟಮೊದಲ ಒಪ್ಪಂದವೇ ಕೆಲಸದ ಹೊತ್ತಿನ ಬಗ್ಗೆ. ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ, ಅದಕ್ಕಿಂತ ಜಾಸ್ತಿ ಇಲ್ಲ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಅದೇ ಒಪ್ಪಂದದ ಒಳಗೆ ಇನ್ನೂ ಕೆಲವು ಸಾಲುಗಳಿವೆ. ಜಪಾನಿಗೆ ವಾರಕ್ಕೆ 57 ಗಂಟೆ. ಬ್ರಿಟಿಷ್ ಇಂಡಿಯಾಕ್ಕೆ 60 ಗಂಟೆ. ಚೀನಾ, ಪರ್ಷಿಯಾ ಅಂದರೆ ಈಗಿನ ಇರಾನ್, ಸಿಯಾಮ್ ಅಂದರೆ ಈಗಿನ ಥಾಯ್ಲೆಂಡ್, ಈ ದೇಶಗಳಿಗೆ ಇದು ಅನ್ವಯಿಸೋದೇ ಇಲ್ಲ. ಒಂದೇ ಒಪ್ಪಂದ, ಆದರೆ ಯಾವ ದೇಶದ ಮನುಷ್ಯನ ಮೈ ಎಷ್ಟು ತಡೆಯಬೇಕು ಅಂತ ಬೇರೆ ಬೇರೆ ಅಳತೆ. ಆ ಸಾಲುಗಳನ್ನು ಮೊದಲ ಸಲ ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ದೇಶ 1921ರಲ್ಲಿ ಆ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಮರುವರ್ಷ ಕಾರ್ಖಾನೆ ಕಾಯ್ದೆಯಲ್ಲಿ 60 ಗಂಟೆ ಬಂತು. 1934ರಲ್ಲಿ ಅದು, ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ, 54ಕ್ಕೆ ಇಳಿಯಿತು. 48 ಗಂಟೆ ಬಂದದ್ದು 1946ರ ತಿದ್ದುಪಡಿಯಲ್ಲಿ. ಅದನ್ನು ಶಾಸನಸಭೆಯ ಮುಂದೆ ತಂದವರು ಆಗ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದ ಡಾ. ಬಿ. ಆರ್. ಅಂಬೇಡ್ಕರ್. ಬಾಬಾಸಾಹೇಬರು ಅಂದ ಕೂಡಲೇ ನಮಗೆ ಸಂವಿಧಾನ ನೆನಪಾಗುತ್ತೆ. ಶಿಫ್ಟು ಮುಗಿಸಿ ಕತ್ತಲಾಗೋ ಮುಂಚೆ ಮನೆ ಸೇರುವ ಕಾರ್ಮಿಕ ಅವರನ್ನು ಇದಕ್ಕೂ ನೆನೆಯಬೇಕು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆ ಅದೇ 48 ಗಂಟೆಯನ್ನು ಉಳಿಸಿಕೊಂಡಿತು. ಬೇರೆಯವರು 1919ರಲ್ಲೇ ಒಪ್ಪಿಕೊಂಡ ಅಳತೆ ನಮ್ಮ ಕೈಗೆ ಸಿಗೋಕೆ ಕಾಲು ಶತಮಾನಕ್ಕೂ ಜಾಸ್ತಿ ಹಿಡಿಯಿತು.

ಈಗ ಜರ್ಮನಿಗೆ ಬರೋಣ. ಈಗ ಇಷ್ಟು ಹಾಯಾಗಿರುವ ಜರ್ಮನಿಯಲ್ಲಿ 1950ರ ದಶಕದ ಮೊದಲಿಗೆ ಶನಿವಾರವೂ ದುಡಿಮೆಯೇ, ವಾರಕ್ಕೆ 48 ಗಂಟೆ. 1956ರ ಮೇ ದಿನಕ್ಕೆ ಅಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟ ಒಂದು ಪೋಸ್ಟರ್ ಹೊರಡಿಸಿತು. ಅದರ ಮೇಲೆ ಒಂದು ಪುಟ್ಟ ಮಗು. "ಶನಿವಾರ ಅಪ್ಪ ನನ್ನೋನು" ಅಂತ ಅದು ಹೇಳುತ್ತಿದೆ. ಭಾಷಣ ಇಲ್ಲ, ಘೋಷಣೆ ಇಲ್ಲ, ಮಗುವಿನ ಬಾಯಲ್ಲಿ ಇಷ್ಟೇ ಮಾತು. ಅದೇ ವರ್ಷ ಉತ್ತರ ಜರ್ಮನಿಯಲ್ಲಿ ಲೋಹದ ಕೆಲಸಗಾರರು, ಹಡಗು ಕಟ್ಟುವವರು ಕೆಲಸ ನಿಲ್ಲಿಸಿದರು. ಕಾಯಿಲೆ ಬಿದ್ದಾಗಲೂ ಸಂಬಳ ಸಿಗಬೇಕು ಅನ್ನೋದು ಅವರ ದೊಡ್ಡ ಬೇಡಿಕೆ. ಕೊರೆಯುವ ಚಳಿಗಾಲದಲ್ಲಿ ಆ ಮುಷ್ಕರ ಸುಮಾರು 16 ವಾರ ನಡೆಯಿತು. ಅಲ್ಲಿನ ಕಾರ್ಮಿಕರಿಗೆ ಕಾಯಿಲೆಯ ಮೊದಲ ಆರು ವಾರ ಪೂರ್ತಿ ಸಂಬಳ ಕೊಡಬೇಕು ಅನ್ನುವ ಕಾನೂನು 1970ರಲ್ಲಿ ಜಾರಿಗೆ ಬಂತು. ದೇಶದ ಪಶ್ಚಿಮ ಭಾಗದ ಲೋಹದ ಉದ್ಯಮದಲ್ಲಿ ವಾರಕ್ಕೆ 40 ಗಂಟೆ 1967ರಲ್ಲಿ ಬಂತು, 35 ಗಂಟೆ 1995ರಲ್ಲಿ. ಇದರಲ್ಲಿ ರಕ್ತದ ಗುಣ ಎಲ್ಲಿದೆ ಹೇಳಿ? ಹಟ ಹಿಡಿದು ಪಡೆದುಕೊಂಡದ್ದು ಇದು.

ನನ್ನ ತಂಗಿ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಊರಿನಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಮೊದಲು ಗಮನಿಸಿದ್ದು ಶನಿವಾರ ಸಂಜೆಯ ಗಡಿಬಿಡಿ. ಹಾಲು, ಮೊಸರು, ಈರುಳ್ಳಿ, ಟೊಮ್ಯಾಟೊ ಎಲ್ಲವನ್ನೂ ಅವತ್ತೇ ತಂದು ಫ್ರಿಜ್ಜಿಗೆ ತುಂಬಬೇಕು. ಭಾನುವಾರ ಅಂಗಡಿ ಮುಚ್ಚಿರುತ್ತೆ. ಬೆಳಿಗ್ಗೆ ಒಂದೆರಡು ಗಂಟೆ ಬೇಕರಿ, ರೈಲ್ವೆ ಸ್ಟೇಷನ್ನಿನ ಅಂಗಡಿ, ಪೆಟ್ರೋಲ್ ಬಂಕು, ಅಷ್ಟೇ. ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ಡಬ್ಬಕ್ಕೆ ಹಾಕೋ ಹಾಗೂ ಇಲ್ಲ, ಸದ್ದಾಗುತ್ತೆ ಅಂತ. ಭಾನುವಾರದ ಬಿಡುವನ್ನು ಆ ದೇಶದ ಸಂವಿಧಾನವೇ ಕಾಯುತ್ತದೆ. ನನ್ನ ತಂಗಿ ಮೊದಮೊದಲು "ಇದೆಂಥಾ ಊರಪ್ಪಾ, ಒಂದು ಕಟ್ಟು ಕೊತ್ತಂಬರಿ ಸಿಗಲ್ವಲ್ಲ" ಅಂತ ಗೊಣಗುತ್ತಿದ್ದಳಂತೆ. ಈಗ ಅವಳೇ ಬೆಂಗಳೂರಿಗೆ ಬಂದಾಗ ಕೇಳ್ತಾಳೆ: "ಅಕ್ಕ, ಈ ಸೂಪರ್ ಮಾರ್ಕೆಟ್ಟಿನ ಹುಡುಗೀರಿಗೆ ಮನೆಮಂದಿಯ ಜೊತೆ ಊಟ ಮಾಡೋ ದಿನ ಯಾವುದು?"

ಅವಳು ಹೇಳಿದ ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ರಜೆಯಲ್ಲಿದ್ದಾಗ ಜ್ವರ ಬಂದು ಮಲಗಿದರೆ, ಡಾಕ್ಟರ ಚೀಟಿ ಕೊಟ್ಟರೆ ಸಾಕು, ಆ ದಿನಗಳು ರಜೆಯ ಲೆಕ್ಕಕ್ಕೆ ಬರೋದಿಲ್ಲ. ರಜೆ ಇರೋದು ಸುಧಾರಿಸಿಕೊಳ್ಳೋಕೆ, ಜ್ವರದಲ್ಲಿ ನರಳೋಕೆ ಅಲ್ಲ ಅನ್ನೋದು ಕಾನೂನಿನ ತರ್ಕ. ಇದರ ಜೊತೆಗೆ ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗೋಕೆ ನಡುವೆ 11 ಗಂಟೆ ಬಿಡುವು ಇರಲೇಬೇಕು. ಈ 11 ಗಂಟೆಯ ನಿಯಮ ಇಡೀ ಯುರೋಪಿಯನ್ ಒಕ್ಕೂಟಕ್ಕೆ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಇದಕ್ಕೆ ಬರ್ತೀನಿ.

ಹಾಗಂತ ಜರ್ಮನಿ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಮುಂದುವರಿದ ದೇಶಗಳ ಪಟ್ಟಿಯಲ್ಲಿ ಜರ್ಮನಿಯ ಸರಾಸರಿ ದುಡಿಮೆ ತೀರಾ ಕಡಿಮೆ, ವರ್ಷಕ್ಕೆ ಸುಮಾರು 1,340 ಗಂಟೆ. ಮೆಕ್ಸಿಕೊದಲ್ಲಿ ಅದು ಸುಮಾರು 2,200. ಆದರೆ ಜರ್ಮನಿಯ ಆ ಅಂಕಿ ಅಷ್ಟು ಕೆಳಗೆ ಇಳಿದಿರೋದಕ್ಕೆ ಒಂದು ಕಾರಣ ಅಲ್ಲಿನ ಹೆಂಗಸರು. ದುಡಿಯುವ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಅರೆಹೊತ್ತಿನ ಕೆಲಸದಲ್ಲಿದ್ದಾರೆ. ಉಳಿದರ್ಧ ಹೊತ್ತು ಮಕ್ಕಳು, ಮುದುಕರು, ಅಡುಗೆ. ಆ ದುಡಿಮೆ ಈ ಅಂಕಿಯಲ್ಲಿ ಇಲ್ಲ.

ಇನ್ನು ಜಪಾನು. ದುಡಿದು ದುಡಿದು ಸಾಯುವುದಕ್ಕೇ ಒಂದು ಹೆಸರಿಟ್ಟ ದೇಶ ಅದು, ಕರೋಶಿ ಅಂತಾರೆ. ಆದರೆ ಅಲ್ಲಿ ಕಾನೂನು ಇರಲಿಲ್ಲವಾ? ಇತ್ತು. 1947ರಲ್ಲೇ ದಿನಕ್ಕೆ ಎಂಟು ಗಂಟೆ ಅಂತ ಬರೆದಿದ್ದರು. ಜೊತೆಗೆ ಒಂದು ಕಿಂಡಿಯನ್ನೂ ಬಿಟ್ಟಿದ್ದರು. ಅದೇ ಕಾಯ್ದೆಯ 36ನೇ ಕಲಮಿನ ಪ್ರಕಾರ ಕಂಪನಿ ತನ್ನ ಕೆಲಸಗಾರರ ಜೊತೆ ಒಪ್ಪಂದ ಮಾಡಿಕೊಂಡರೆ ಓಟಿ ಮಾಡಿಸಬಹುದಿತ್ತು. ಎಷ್ಟು ಗಂಟೆ ಅನ್ನೋದಕ್ಕೆ ಗಟ್ಟಿಯಾದ ಮಿತಿ ಇರಲಿಲ್ಲ. ಮ್ಯಾನೇಜರ್ ಏಳದೆ ಕಿರಿಯರು ಏಳೋದಿಲ್ಲ. ರಜೆ ಹಾಕಿ ಊರಿಗೆ ಹೋಗಿಬಂದರೆ ಆಫೀಸಿನವರಿಗೆಲ್ಲ ಆ ಊರಿನ ಸಿಹಿತಿಂಡಿಯ ಡಬ್ಬಿ ತರಬೇಕು. ಒಂದೊಂದನ್ನೂ ಬೇರೆ ಬೇರೆ ಸುತ್ತಿಟ್ಟಿರ್ತಾರೆ, ಮೇಜಿಂದ ಮೇಜಿಗೆ ಹೋಗಿ ಹಂಚುವುದು ಸುಲಭವಾಗಲಿ ಅಂತ. ಚೆಂದದ ಪದ್ಧತಿ ನಿಜ. ಅದರ ಹಿಂದೆ, ನಾನಿಲ್ಲದಾಗ ನನ್ನ ಕೆಲಸ ನಿಮ್ಮ ಮೇಲೆ ಬಿತ್ತಲ್ಲ ಅನ್ನುವ ಸಂಕೋಚವೂ ಇದೆ.

2015ರ ಕೊನೆಯಲ್ಲಿ ಟೋಕಿಯೋದ ಒಂದು ಹೆಸರಾಂತ ಜಾಹೀರಾತು ಕಂಪನಿಯ 24 ವರ್ಷದ ಹುಡುಗಿ ಕೆಲಸದ ಹೊರೆ ತಾಳಲಾರದೆ ಪ್ರಾಣ ಬಿಟ್ಟಳು. ಮರುವರ್ಷ ಸರ್ಕಾರವೇ ಅದನ್ನು ಕೆಲಸದಿಂದಾದ ಸಾವು ಅಂತ ಒಪ್ಪಿಕೊಂಡಿತು. ಇಡೀ ದೇಶ ತಲ್ಲಣಿಸಿತು. 2017ರಲ್ಲಿ ಸರ್ಕಾರ, ಉದ್ಯಮಿಗಳು ಸೇರಿ ತಿಂಗಳ ಕೊನೆಯ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಮನೆಗೆ ಹೋಗಿ ಅಂತ ಪ್ರಚಾರ ಮಾಡಿದರು. ಯಾರೂ ಅಷ್ಟಾಗಿ ಹೋಗಲಿಲ್ಲ. ತಿಂಗಳ ಕೊನೆ ಅಂದ್ರೆ ಲೆಕ್ಕ ಮುಗಿಸೋ ಹೊತ್ತು, ಹೇಗೆ ಹೋಗ್ತಾರೆ? ಬರೀ ಬುದ್ಧಿಮಾತಿಗೆ ಬೆಲೆ ಎಷ್ಟು ಅಂತ ಅಲ್ಲೇ ಗೊತ್ತಾಯಿತು. 2018ರಲ್ಲಿ ಕಾನೂನನ್ನೇ ಬದಲಾಯಿಸಿದರು. ಸಾಮಾನ್ಯವಾಗಿ ಓಟಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆ. ಮೀರಿದರೆ ಶಿಕ್ಷೆ. ಕೆಲಸ ವಿಪರೀತ ಇರುವ ತಿಂಗಳಲ್ಲಿ 100 ಗಂಟೆಯ ತನಕ ಬಿಟ್ಟದ್ದು ನನ್ನ ಮಟ್ಟಿಗೆ ತಪ್ಪೇ. ಆದರೂ ಮಿತಿ ಅಂತ ಒಂದು ಬಂತಲ್ಲ.

ಜಪಾನಿನಿಂದ ನಾನು ಮುಖ್ಯವಾಗಿ ಹೇಳಬೇಕಾದದ್ದು ಅಪ್ಪಂದಿರ ವಿಷಯ. ಮಗು ಹುಟ್ಟಿದಾಗ ಅಲ್ಲಿನ ಗಂಡಸರಿಗೆ ಒಂದು ವರ್ಷದ ತನಕ ರಜೆ ಕೇಳುವ ಹಕ್ಕು ಎಷ್ಟೋ ವರ್ಷದಿಂದ ಇತ್ತು. 2010ರ ಸುಮಾರಿಗೆ ಅದನ್ನು ತೆಗೆದುಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. "ಜಪಾನಿನ ಗಂಡಸರು ಹಾಗೇ, ಮಕ್ಕಳನ್ನು ಎತ್ತಿಕೊಳ್ಳೋರಲ್ಲ" ಅಂತ ಜನ ಹೇಳ್ತಿದ್ದರು. 2022ರಲ್ಲಿ ಕಾನೂನು ತಿದ್ದಿದರು. ಮನೆಯಲ್ಲಿ ಮಗು ಬರಲಿದೆ ಅಂತ ಕೆಲಸಗಾರ ತಿಳಿಸಿದರೆ, ನಿನಗೆ ಈ ರಜೆ ಇದೆ, ತಗೋತೀಯಾ ಅಂತ ಕಂಪನಿಯೇ ಅವನನ್ನು ಕೇಳಬೇಕು. ಹುಟ್ಟಿದ ಮೊದಲ ಎಂಟು ವಾರದೊಳಗೆ ತೆಗೆದುಕೊಳ್ಳುವ ಬೇರೆಯದೇ ರಜೆಯನ್ನೂ ಸೇರಿಸಿದರು. 2023ರಲ್ಲಿ ಪಿತೃತ್ವ ರಜೆ ತೆಗೆದುಕೊಂಡ ಗಂಡಸರು ನೂರಕ್ಕೆ 30. ಅದೇ ಗಂಡಸರು, ಅದೇ ದೇಶ. ಮೊದಲು ಕೇಳೋಕೆ ನಾಚಿಕೆ ಆಗ್ತಿತ್ತು, ಈಗ ಕೇಳುವ ಹೊಣೆ ಕಂಪನಿಯದು.

ಸ್ವೀಡನ್ ಈ ದಾರಿಯಲ್ಲಿ ಬಹಳ ಮುಂದಿದೆ. 1974ರಿಂದಲೇ ಅಪ್ಪ ಅಮ್ಮ ಇಬ್ಬರಿಗೂ ಸೇರಿ ಸಂಬಳದ ರಜೆ. ಈಗ ಒಟ್ಟು 480 ದಿನ. ಅದರಲ್ಲಿ 90 ದಿನ ಅಪ್ಪನ ಪಾಲು, ಅವನು ತೆಗೆದುಕೊಳ್ಳದಿದ್ದರೆ ಹೋಯಿತು, ಅಮ್ಮನಿಗೂ ಸಿಗದು.

ಈಗ ನಮ್ಮ ಬೆಂಗಳೂರಿಗೆ ಬರೋಣ. ನಮ್ಮ ಬೀದಿಯ ಒಬ್ಬ ಹುಡುಗಿ ಹೊರದೇಶದ ಕಂಪನಿಯೊಂದರ ಇಲ್ಲಿನ ಆಫೀಸಿನಲ್ಲಿದ್ದಾಳೆ. ಅವಳ ಟೀಮಿನಲ್ಲಿ ಜರ್ಮನಿಯವನೊಬ್ಬ, ಕ್ಯಾಲಿಫೋರ್ನಿಯಾದವರು ಇಬ್ಬರು. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಒಂಬತ್ತು ಅಂದ್ರೆ ಇಲ್ಲಿ ರಾತ್ರಿ ಒಂಬತ್ತೂವರೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಹತ್ತೂವರೆ. ಅಮೆರಿಕದವರು ಗಡಿಯಾರ ಮುಟ್ಟಿದರೆ ಇಲ್ಲಿ ಅವಳ ಅತ್ತೆ ಊಟದ ಹೊತ್ತು ಬದಲಾಯಿಸಬೇಕು. ಕುಕ್ಕರ್ ಕೂಗುವಾಗ ಅವಳು ರೂಮಿನ ಬಾಗಿಲು ಹಾಕಿಕೊಂಡು ಕಾಲ್‌ನಲ್ಲಿ ಕೂತಿರ್ತಾಳೆ. ಮಗು ಬಾಗಿಲು ಬಡೀತಿರುತ್ತೆ. ಆ ಜರ್ಮನಿಯವನು ಆ ಕಾಲ್‌ಗೆ ಬರೋದಿಲ್ಲ, ಅವನ ಕೆಲಸದ ಹೊತ್ತು ಮುಗಿದಿರುತ್ತೆ. ಯಾರೂ ಅವನನ್ನು ಏನೂ ಅನ್ನೋದಿಲ್ಲ. ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಇವಳಿಗೆ ಮತ್ತೆ ಮೀಟಿಂಗು. ಒಂದೇ ಕಂಪನಿ, ಒಂದೇ ಟೀಮು, ಒಂದೇ ಕೆಲಸ. ಅವನ ಬೆನ್ನಿಗೆ ಕಾನೂನು ಇದೆ, ಇವಳ ಬೆನ್ನಿಗೆ ಅತ್ತೆ ಇದ್ದಾರೆ.

2023ರಲ್ಲಿ ಇನ್ಫೋಸಿಸ್ ಕಟ್ಟಿದ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ದೇಶದ ತುಂಬ ಚರ್ಚೆಯಾಯಿತು. ಅವರ ಮೇಲೆ ನನಗೆ ಗೌರವ ಇದೆ. ಆದರೆ 70 ಗಂಟೆ ಆಫೀಸಿಗೆ ಕೊಡುವವರ ಬಟ್ಟೆ ಯಾರು ಒಗೀತಾರೆ, ಮಕ್ಕಳ ಡಬ್ಬಿ ಯಾರು ಕಟ್ತಾರೆ? ಕೇಂದ್ರ ಸರ್ಕಾರವೇ 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಕೊಡೋದು 299 ನಿಮಿಷ, ಅಂದರೆ ಹತ್ತಿರ ಹತ್ತಿರ ಐದು ಗಂಟೆ. ಹಾಗೆ ಮನೆಗೆಲಸ ಮಾಡುವ ಗಂಡಸರು ಕೊಡೋದು 97 ನಿಮಿಷ. ಹೊರಗೂ ದುಡಿಯುವ ಹೆಂಗಸಿಗೆ 70 ಗಂಟೆಯ ಮಾತು ತೀರಾ ಕ್ರೂರ.

ನಮ್ಮ ರಾಜ್ಯದಲ್ಲಿ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ. 2023ರ ತಿದ್ದುಪಡಿಯಲ್ಲಿ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆಯ ತನಕ ಶಿಫ್ಟು ಹಾಕೋಕೆ ದಾರಿ ಮಾಡಿದರು, ವಾರದ ಮಿತಿ 48ರಲ್ಲೇ ಉಳಿಯಿತು. 2024ರಲ್ಲಿ ಐಟಿ ಕೆಲಸಗಾರರಿಗೆ ದಿನಕ್ಕೆ 14 ಗಂಟೆ ಅನ್ನುವ ಪ್ರಸ್ತಾಪ ಬಂತು. ಐಟಿ ನೌಕರರ ಸಂಘ ಬಲವಾಗಿ ವಿರೋಧಿಸಿತು. ಯಾವಾಗಲೂ ತಲೆ ತಗ್ಗಿಸಿ ಲ್ಯಾಪ್‌ಟಾಪ್ ನೋಡ್ತಾರೆ ಅಂದುಕೊಂಡಿದ್ದ ಹುಡುಗ ಹುಡುಗೀರು ತಲೆ ಎತ್ತಿ ಮಾತಾಡಿದ್ದು ನನಗೆ ಬಹಳ ಖುಷಿ ಕೊಟ್ಟಿತು.

ಆಗ ನೆನಪಿಟ್ಟುಕೊಳ್ಳಿ ಅಂದಿದ್ದ 11 ಗಂಟೆಯ ಮಾತಿಗೆ ಈಗ ಬರ್ತೀನಿ. ನಮ್ಮಲ್ಲಿ ಅಂಗಡಿ, ಹೋಟೆಲು, ಆಫೀಸುಗಳಿಗೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದು ರಾಜ್ಯದ್ದೇ ಕಾಯ್ದೆ, ದೆಹಲಿಯ ಕಡೆ ನೋಡಬೇಕಾಗಿಲ್ಲ, ವಿಧಾನಸೌಧದಲ್ಲೇ ತಿದ್ದಬಹುದು. ಎರಡು ದಿನದ ಕೆಲಸದ ನಡುವೆ 11 ಗಂಟೆ ಬಿಡುವು ಅನ್ನುವ ಒಂದು ಸಾಲನ್ನು ಅದಕ್ಕೆ ಸೇರಿಸಿ ಅನ್ನೋದು ನನ್ನ ಬೇಡಿಕೆ. ರಾತ್ರಿಯ ಕಾಲ್ ಹನ್ನೊಂದೂವರೆಗೆ ಮುಗಿದರೆ ಮರುದಿನ ಹತ್ತೂವರೆ ತನಕ ಆ ಹುಡುಗಿಯನ್ನು ಯಾರೂ ಕರೆಯೋ ಹಾಗಿರಬಾರದು. ರಾತ್ರಿ ಹನ್ನೊಂದಕ್ಕೆ ಕೊನೆಯ ಟೇಬಲ್ ಒರೆಸಿದ ಹೋಟೆಲಿನ ಹುಡುಗನನ್ನು ಬೆಳಿಗ್ಗೆ ಐದಕ್ಕೆ ಇಡ್ಲಿ ಬೇಯಿಸೋಕೆ ಎಬ್ಬಿಸೋ ಹಾಗೂ ಇರಬಾರದು. ನಿಮ್ಮ ಕ್ಷೇತ್ರದ ಶಾಸಕರು ಮುಂದಿನ ಸಲ ಮದುವೆಗೋ ಜಾತ್ರೆಗೋ ಸಿಕ್ಕಾಗ ದಯವಿಟ್ಟು ಇದನ್ನು ಕೇಳಿ. ನಾನು ನಮ್ಮವರನ್ನು ಕೇಳಿದ್ದೇನೆ, ಮತ್ತೆ ಕೇಳ್ತೀನಿ.

ನಮಸ್ಕಾರ.