ಮುಚ್ಚಳವೇ ಇಲ್ಲದ ಟಬ್‌ನಲ್ಲಿ ಹಾವು ಹೇಗೆ ಉಳಿಯುತ್ತದೆ?

ನಮಸ್ಕಾರ. ಹಾವು ಸಾಕುವವರ ರ‍್ಯಾಕ್ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಆ ಟಬ್‌ಗಳಿಗೆ ಮುಚ್ಚಳ ಎಲ್ಲಿ?

ಇಲ್ಲ. ಮುಚ್ಚಳವೇ ಇಲ್ಲ!

ಬೇಸಿಕ್ಸ್ ಬೇಗ ಮುಗಿಸೋಣ. ರ‍್ಯಾಕ್ ಅಂದರೆ ಒಂದರ ಮೇಲೊಂದು ಹಲಗೆ, ನಡುವೆ ಎಳೆದು ತೆಗೆಯುವ ಪ್ಲಾಸ್ಟಿಕ್ ಟಬ್. ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಥರದ ಹಾವುಗಳನ್ನು ಜಾಸ್ತಿ ಸಂಖ್ಯೆಯಲ್ಲಿ ಸಾಕುವವರು ಇದನ್ನು ಬಳಸುತ್ತಾರೆ. ನೀವಿರುವ ಕಡೆ ಕಾನೂನು ಯಾವ ಹಾವಿಗೆ ಒಪ್ಪುತ್ತದೆ ಅಂತ ಹಲಗೆ ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ.

ಈಗ ನನಗೆ ಇಷ್ಟವಾದ ಭಾಗ. ಬೆಂಕಿಪೊಟ್ಟಣ ನೆನಪಿಸಿಕೊಳ್ಳಿ. ಕಡ್ಡಿ ಇರುವ ಒಳಗಿನ ತಟ್ಟೆಗೆ ಮುಚ್ಚಳ ಇದೆಯಾ? ಇಲ್ಲ, ಹೊರಗಿನ ಕವಚವೇ ಮುಚ್ಚಳ. ಇಲ್ಲೂ ಅಷ್ಟೇ, ಮೇಲಿನ ಹಲಗೆಯ ತಳವೇ ಕೆಳಗಿನ ಟಬ್‌ಗೆ ಮುಚ್ಚಳ. ಹಾಗಾಗಿ ಎಲ್ಲವೂ ನಿಂತಿರುವುದು ಟಬ್‌ನ ಅಂಚಿಗೂ ಹಲಗೆಗೂ ನಡುವಿನ ಸಂದಿನ ಮೇಲೆ. ಅದು 3 ಮಿ.ಮೀ. ದಾಟಬಾರದು, ಮರಿಗಳಿಗಾದರೆ ಇನ್ನೂ ಬಿಗಿ ಇರಬೇಕು.

ಯಾಕಿಷ್ಟು ಜಿಪುಣತನ? ಹಾವಿಗೆ ಎದೆಮೂಳೆ ಇಲ್ಲ. ಪಕ್ಕೆಲುಬುಗಳ ಕೆಳತುದಿ ಎಲ್ಲೂ ಕೂಡಿಕೊಂಡಿಲ್ಲ, ಅದಕ್ಕೇ ಮೈಯನ್ನು ಚಪ್ಪಟೆ ಮಾಡಿಕೊಂಡು ನುಸುಳುತ್ತದೆ. ತಲೆ ತೂರಿತು ಅಂದರೆ ಸಾಮಾನ್ಯವಾಗಿ ಮೈಯೂ ಹೋದ ಹಾಗೆಯೇ. ಮೊಟ್ಟೆಯಿಂದ ಆಗಷ್ಟೇ ಬಂದ ಕಾರ್ನ್ ಸ್ನೇಕ್ ಮರಿ ಹೆಚ್ಚೆಂದರೆ ಪೆನ್ಸಿಲ್ ದಪ್ಪ ಇರುತ್ತದೆ. ರಾತ್ರಿಯಿಡೀ ಮೂತಿಯಿಂದ ಅಂಚು ಒತ್ತಿ ಒತ್ತಿ ನೋಡುತ್ತದೆ. ಅದಕ್ಕೇನು, ಬೆಳಗ್ಗೆ ಎದ್ದು ಆಫೀಸಿಗೆ ಹೋಗಬೇಕಾ?

ಆದ್ದರಿಂದ ಮೊದಲು ಟಬ್ ಕೊಳ್ಳಿ, ಎಲ್ಲವೂ ಒಂದೇ ಮಾಡೆಲ್. ಆಮೇಲೆ ಹಲಗೆ ಕೊಯ್ಯಿರಿ. ಸ್ಟಿಕ್ಕರ್ ಮೇಲಿನ ಅಳತೆ ನಂಬಬೇಡಿ, ಯಾಕಂದರೆ ನೀರಿನ ಬಟ್ಟಲು, ಹಾಸು ಎಲ್ಲ ಇಟ್ಟ ಮೇಲೆ ಟಬ್‌ನ ಗೋಡೆ ನಡುವೆ ಉಬ್ಬಿ ಅಂಚು ಬಾಗಬಹುದು. ತುಂಬಿಸಿಯೇ ಅಳೆಯಿರಿ. ಅಗಲದ ಹಲಗೆಯೂ ನಡುವೆ ಜಗ್ಗುತ್ತದೆ: ಮೇಲಿನದು ಜಗ್ಗಿದರೆ ಟಬ್ ಸಿಕ್ಕಿಹಾಕಿಕೊಳ್ಳುತ್ತದೆ, ಕೆಳಗಿನದು ಜಗ್ಗಿದರೆ ಸಂದು ದೊಡ್ಡದಾಗುತ್ತದೆ. ನಡುವೆ ಒಂದು ಆಸರೆ ಕೊಡಿ. ಮೆಲಮೈನ್ ಹಲಗೆಯಾದರೆ (ಮರದ ಪುಡಿಯ ಹಲಗೆ, ಮೇಲೆ ನುಣುಪು ಪದರ) ಕೊಯ್ದ ಅಂಚು ಸೀಲ್ ಮಾಡಿ, ಇಲ್ಲದಿದ್ದರೆ ತೇವ ಕುಡಿದು ಊದಿಕೊಳ್ಳುತ್ತದೆ.

ಟೈಮ್ ಕಮ್ಮಿ ಇದೆ, ಉಳಿದದ್ದು ಒಂದೇ ಉಸಿರಿನಲ್ಲಿ. ಹಿಂಭಾಗದಲ್ಲಿ ತೋಡು ಕೊರೆದು ಹೀಟ್ ಟೇಪ್ (ಕರೆಂಟಿನಿಂದ ಬಿಸಿಯಾಗುವ ಪಟ್ಟಿ) ಕೂರಿಸಿ, ಟಬ್ ಅದನ್ನು ಉಜ್ಜಬಾರದು. ಬಾಲ್ ಪೈಥಾನ್‌ಗೆ ಬಿಸಿ ಕಡೆ 31-32 ಡಿಗ್ರಿ ಸೆಲ್ಸಿಯಸ್, ತಂಪು ಕಡೆ 25-27. ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಪ್ಲಗ್ ಮುಟ್ಟಲೇಬೇಡಿ, ಹಾವಿನ ಹೊಟ್ಟೆ ಸುಡುತ್ತದೆ. ಥರ್ಮೋಸ್ಟಾಟ್‌ನ ಬಿಸಿ ಅಳೆಯುವ ಸೆನ್ಸರ್ ಟಬ್ ಒಳಗೆ ಬೇಡ, ಟೇಪ್ ಮೇಲೇ ಅಂಟಿಸಿ. ಒಳಗಿಟ್ಟರೆ ಹಾವು ಅದನ್ನು ತಂಪು ಕಡೆಗೆ ತಳ್ಳಿಬಿಡುತ್ತದೆ, ಥರ್ಮೋಸ್ಟಾಟ್ "ಅಯ್ಯೋ ಇನ್ನೂ ಚಳಿ" ಅಂತ ಬಿಸಿ ಏರಿಸುತ್ತಲೇ ಹೋಗುತ್ತದೆ. ಗಾಳಿಯ ತೂತುಗಳನ್ನು ಸೋಲ್ಡರಿಂಗ್ ಐರನ್‌ನಿಂದ, ಒಳಗಿನಿಂದ ಹೊರಗೆ ಚುಚ್ಚಿ, ಚೂಪು ಅಂಚು ಹೊರಗೇ ಉಳಿಯುತ್ತದೆ. ಹೊಗೆ ಬರುತ್ತದೆ, ಕಿಟಕಿ ತೆಗೆದಿರಲಿ.

ಟಬ್‌ನ ಗಾತ್ರದ ಬಗ್ಗೆ ಸಾಕುವವರ ನಡುವೆ ಜಗಳ ಇದ್ದದ್ದೇ. ನನ್ನ ಮಟ್ಟಿಗೆ, ಹಾವು ಮೈ ಚಾಚಲಾಗದ ಟಬ್ ಸುಮ್ನೆ ಗೋಡೌನ್, ಮನೆಯಲ್ಲ.

ಕೊನೆಗೆ, ಖಾಲಿ ರ‍್ಯಾಕನ್ನೇ ಕೆಲವು ದಿನ ಓಡಿಸಿ. ಬಿಸಿ ಮೇಲೇರುತ್ತದೆ ಅಲ್ವಾ, ಅದಕ್ಕೆ ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು ಥರ್ಮಾಮೀಟರ್ ಇಡಿ. ಎರಡೂ ಸರಿಯಾದ ಅಂಕಿ ತೋರಿಸಿದ ಮೇಲೆ ಹಾವು ಬಿಡಿ.